ಸಾಕಿದ ಬೆಕ್ಕಿನ ಬೇಟೆಯನ್ನು ತಗ್ಗಿಸುವ ಬಗೆ

ಹೊಟ್ಟೆ ತುಂಬ ಊಟ ಹಾಕಿದರೆ ಬೆಕ್ಕು ಹಕ್ಕಿಗಳ ತಂಟೆಗೆ ಹೋಗುವುದಿಲ್ಲ ಎಂಬ ನಂಬಿಕೆ ಬೆಕ್ಕು ಸಾಕಿದವರಲ್ಲಿ ಬಹಳ ವ್ಯಾಪಕವಾಗಿದೆ. 1976ರಲ್ಲಿ ಪ್ರಕಟವಾದ ಒಂದು ಪ್ರಯೋಗ ಈ ನಂಬಿಕೆಯನ್ನು ನೇರವಾಗಿ ಒರೆಗೆ ಹಚ್ಚಿತ್ತು. ಹಸಿದ ಬೆಕ್ಕುಗಳಿಗೆ ಅವು ಇಷ್ಟಪಡುವ ಆಹಾರವನ್ನೇ ಕೊಟ್ಟು, ಅವು ತಿನ್ನುತ್ತಿರುವಾಗ ಸಮೀಪದಲ್ಲಿ ಒಂದು ಇಲಿಯನ್ನು ಬಿಡಲಾಯಿತು. ಬೆಕ್ಕುಗಳು ತಿನ್ನುವುದನ್ನು ಅರ್ಧಕ್ಕೇ ಬಿಟ್ಟು ಹೋಗಿ ಇಲಿಯನ್ನು ಕೊಂದವು, ಕೊಂದದ್ದನ್ನು ಊಟವಿದ್ದಲ್ಲಿಗೆ ಎಳೆದು ತಂದವು, ಬಳಿಕ ಇಲಿಯನ್ನು ಪಕ್ಕಕ್ಕಿಟ್ಟು ಮೊದಲಿನ ಊಟವನ್ನೇ ಮುಂದುವರಿಸಿದವು. ಹಸಿವು ಬೇಟೆಯ ತುಡಿತವನ್ನು ಹೆಚ್ಚಿಸಬಹುದು. ಆದರೆ ಹಸಿವು ಹೋದೊಡನೆ ತುಡಿತವೂ ಹೋಗುತ್ತದೆ ಎಂದು ತಿಳಿಯುವಂತಿಲ್ಲ.

ಇದಕ್ಕೆ ಕಾರಣ ಬೆಕ್ಕು ಬದುಕಿ ಬಂದ ರೀತಿಯಲ್ಲಿದೆ. ಅದರ ಪೂರ್ವಜವಾದ ಕಾಡುಬೆಕ್ಕು ತನಗಿಂತ ಬಹಳ ಸಣ್ಣದಾದ ಇಲಿ, ಹಕ್ಕಿ, ಹಲ್ಲಿಗಳನ್ನು ತಿಂದು ಜೀವಿಸುವ ಪ್ರಾಣಿ. ಒಂದು ಇಲಿಯಿಂದ ದಿನದ ಹೊಟ್ಟೆ ತುಂಬುವುದಿಲ್ಲ, ಹೊಂಚು ಹಾಕಿದ್ದರಲ್ಲಿ ಹಲವು ಕೈತಪ್ಪಿ ಹೋಗುತ್ತವೆ. ಹಸಿವಾದ ಮೇಲೆ ಹೊರಟರಾಯಿತು ಎಂದು ಕುಳಿತುಕೊಳ್ಳುವ ಬೇಟೆಗಾರನಿಗೆ ಇಂಥ ಬದುಕಿನಲ್ಲಿ ಉಪವಾಸವೇ ಗತಿ. ಆದ್ದರಿಂದ ಕಣ್ಣೆದುರು ಏನಾದರೂ ಮಿಸುಕಿದರೆ ಹೊಟ್ಟೆಯ ಸ್ಥಿತಿ ಹೇಗೇ ಇರಲಿ ಮೈ ಸಜ್ಜಾಗುವಂತೆ ಅದು ರೂಪುಗೊಂಡಿದೆ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಧಾನ್ಯದ ಕಣಜಗಳ ಬಳಿ ಬೆಕ್ಕು ಮನುಷ್ಯನ ಜೊತೆ ಸೇರಿತು. ಆಗ ನಾವು ಅದನ್ನು ಸಹಿಸಿಕೊಂಡದ್ದೇ ಇಲಿ ಹಿಡಿಯುತ್ತದೆಂಬ ಕಾರಣಕ್ಕೆ. ನಾಯಿಯಲ್ಲಿ ಬೇಕಾದ ಗುಣ ಉಳಿಸಿ ಬೇಡದ ಗುಣ ಬಿಡಿಸಿದಂತೆ ಬೆಕ್ಕಿನಲ್ಲಿ ಬೇಟೆಯ ಗುಣವನ್ನು ಬಿಡಿಸುವ ಪ್ರಯತ್ನ ನಡೆದದ್ದೇ ಇಲ್ಲ. ಬೇಡಿ ಪಡೆದ ಗುಣವನ್ನೇ ಈಗ ದೋಷವೆಂದು ಬೆಕ್ಕನ್ನು ಬೈಯುವುದು ಸ್ವಲ್ಪ ಅನ್ಯಾಯವೇ ಸರಿ.

ಬೈಯುವುದರಿಂದ ಪ್ರಯೋಜನವೂ ಇಲ್ಲ. ಗದರಿದರೆ, ಹೊಡೆದರೆ ಅಥವಾ ಸತ್ತ ಹಕ್ಕಿಯನ್ನು ಮೂತಿಗೆ ತಿಕ್ಕಿದರೆ ಬೆಕ್ಕು ಕಲಿಯುವುದು ಒಂದೇ ಪಾಠ: ಬೇಟೆಯನ್ನು ಈ ಮನುಷ್ಯನ ಕಣ್ಣಿಗೆ ಬೀಳದಂತೆ ಬೇರೆಡೆಗೆ ಒಯ್ಯಬೇಕು. ಹೀಗಾಗಿ ಇಲ್ಲಿ ವಿವರಿಸಿರುವ ಕ್ರಮಗಳು ಬೆಕ್ಕಿನ ಮನಸ್ಸನ್ನು ತಿದ್ದುವುದಕ್ಕೆ ಹೊರಟಿಲ್ಲ. ಬೇಟೆಗೆ ಸಿಗುವ ಅವಕಾಶವನ್ನು ಕಿರಿದುಗೊಳಿಸಿ, ತುಡಿತಕ್ಕೆ ಬೇರೊಂದು ದಾರಿ ಮಾಡಿಕೊಡುವುದಷ್ಟೇ ಅವುಗಳ ಉದ್ದೇಶ.

ನಷ್ಟದ ಪ್ರಮಾಣ

ಅಮೆರಿಕದಲ್ಲಿ ಹೊರಗೆ ಅಲೆಯುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನೂ 630 ಕೋಟಿಯಿಂದ 2,230 ಕೋಟಿ ಸಣ್ಣ ಸಸ್ತನಿಗಳನ್ನೂ ಕೊಲ್ಲುತ್ತವೆ ಎಂದು 2013ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಈ ಅಂಕಿಗಳನ್ನು ಉಲ್ಲೇಖಿಸುವವರು ಅದೇ ಲೆಕ್ಕದ ಇನ್ನೊಂದು ಭಾಗವನ್ನು ಅನೇಕ ವೇಳೆ ಬಿಟ್ಟುಬಿಡುತ್ತಾರೆ: ಇದರಲ್ಲಿ ದೊಡ್ಡ ಪಾಲು ಒಡೆಯರಿಲ್ಲದ ಬೀದಿಬೆಕ್ಕು, ಕಾಡುಬಿದ್ದ ಬೆಕ್ಕುಗಳದ್ದು. ಹಾಗೆಂದು ಸಾಕಿದವರು ನಿರಾಳರಾಗುವಂತಿಲ್ಲ. ಆರು ದೇಶಗಳ 900ಕ್ಕೂ ಹೆಚ್ಚು ಸಾಕುಬೆಕ್ಕುಗಳ ಕೊರಳಿಗೆ ಜಿಪಿಎಸ್ ಕಟ್ಟಿ ನಡೆಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಹೆಚ್ಚಿನ ಬೆಕ್ಕುಗಳು ಮನೆಯಿಂದ ಸುಮಾರು 100 ಮೀಟರಿನೊಳಗೇ ಸುತ್ತಾಡುತ್ತವೆ, ಅವುಗಳ ಬೇಟೆಯೆಲ್ಲ ಅಷ್ಟು ಕಿರಿದಾದ ಜಾಗದಲ್ಲೇ ನಡೆಯುವುದರಿಂದ ಅಲ್ಲಿನ ಜೀವಿಗಳ ಮೇಲೆ ಬೀಳುವ ಹೊರೆ ಅದೇ ಗಾತ್ರದ ಕಾಡುಪ್ರಾಣಿಯಿಂದ ಬೀಳುವುದಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ ಎಂದು ಅದು ತಿಳಿಸಿತು. ಅಂದರೆ ನಿಮ್ಮ ಬೆಕ್ಕು ಮಾಡುವ ಹಾನಿ ನಿಮ್ಮ ಅಂಗಳ ಮತ್ತು ಅಕ್ಕಪಕ್ಕದ ನಾಲ್ಕಾರು ಅಂಗಳಗಳಿಗೆ ಸೀಮಿತವಾದದ್ದು. ಪರಿಹಾರವೂ ಆದ್ದರಿಂದಲೇ ನಿಮ್ಮ ಅಳವಿಗೆ ಮೀರಿದ್ದಲ್ಲ.

ಮೊದಲನೆಯ ಹೆಜ್ಜೆ: ಎರಡು ವಾರ ಲೆಕ್ಕ ಬರೆದಿಡಿ

ಯಾವ ಉಪಾಯವನ್ನೂ ಕೈಗೊಳ್ಳುವ ಮುನ್ನ ಎರಡು ವಾರ ಒಂದು ಪುಸ್ತಕದಲ್ಲಿ ಬೆಕ್ಕಿನ ಬೇಟೆಯ ವಿವರ ಬರೆಯುತ್ತ ಬನ್ನಿ. ದಿನಾಂಕ, ಹೊತ್ತು, ಸಿಕ್ಕ ಜೀವಿ ಯಾವುದು, ಎಲ್ಲಿ ಸಿಕ್ಕಿತು, ಜೀವವಿತ್ತೇ ಇಲ್ಲವೇ ಎಂಬಷ್ಟನ್ನು ದಾಖಲಿಸಿದರೆ ಸಾಕು. ಗರಿ, ಬಾಲ, ಕಾಲುಗಳ ಚೂರು ಮಾತ್ರ ಸಿಕ್ಕಿದರೆ ಅದನ್ನೂ ಒಂದು ಬೇಟೆಯೆಂದೇ ಎಣಿಸಿ.

ನೀವು ಕಾಣುವುದು ನಡೆದದ್ದರ ಒಂದು ಪಾಲು ಮಾತ್ರ ಎಂಬುದು ನೆನಪಿನಲ್ಲಿರಬೇಕು. ಅಮೆರಿಕದ ಜಾರ್ಜಿಯಾದಲ್ಲಿ 55 ಸಾಕುಬೆಕ್ಕುಗಳ ಕೊರಳಿಗೆ ಪುಟ್ಟ ಕ್ಯಾಮೆರಾ ಕಟ್ಟಿ ಗಮನಿಸಿದ ಸಂಶೋಧಕರಿಗೆ, ಕೊಂದದ್ದರಲ್ಲಿ 23 ಶೇಕಡಾದಷ್ಟು ಮಾತ್ರ ಮನೆಗೆ ಬರುವುದು ಕಂಡುಬಂತು. 28 ಶೇಕಡಾದಷ್ಟನ್ನು ಬೆಕ್ಕುಗಳು ಅಲ್ಲೇ ತಿಂದಿದ್ದವು, ಉಳಿದ ಅರ್ಧದಷ್ಟನ್ನು ಕೊಂದು ಅಲ್ಲಿಯೇ ಬಿಟ್ಟು ಬಂದಿದ್ದವು. ನಿಮ್ಮ ಪುಸ್ತಕದ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿದರೆ ವಾಸ್ತವಕ್ಕೆ ಸ್ವಲ್ಪ ಹತ್ತಿರವಾಗಬಹುದು. ಅದೇ ಅಧ್ಯಯನದಲ್ಲಿ ಬೇಟೆಯಾಡಿದ್ದು 44 ಶೇಕಡಾ ಬೆಕ್ಕುಗಳು ಮಾತ್ರ. ಉಳಿದವು ಹೊರಗೆ ಹೋಗಿ ಬಿಸಿಲು ಕಾಯಿಸಿ ಮರಳಿದವು. ನಿಮ್ಮದು ಆ ಜಾತಿಯದಾಗಿದ್ದರೆ ಈ ಲೇಖನದ ಅರ್ಧಭಾಗ ನಿಮಗೆ ಅನಗತ್ಯ.

ಲೆಕ್ಕದಿಂದ ದೊರೆಯುವ ಹೆಚ್ಚಿನ ಲಾಭವೆಂದರೆ ಬೆಕ್ಕಿನ ಒಲವು ಯಾವುದೆಂದು ತಿಳಿಯುವುದು. ಕೆಲವು ಬೆಕ್ಕುಗಳು ಹಕ್ಕಿಗಳಲ್ಲಿ ಪಳಗಿರುತ್ತವೆ, ಕೆಲವು ಇಲಿ-ಸುಂಡಿಲಿಗಳಲ್ಲಿ, ಮತ್ತೆ ಕೆಲವು ಓತಿ, ಹಾವುರಾಣಿ, ಕಪ್ಪೆಗಳಲ್ಲಿ. ಮುಂದೆ ಹೇಳಲಿರುವ ಕೆಲವು ಸಾಧನಗಳು ಹಕ್ಕಿಗಳನ್ನು ಮಾತ್ರ ಕಾಪಾಡಬಲ್ಲವು. ರಾತ್ರಿಯೆಲ್ಲ ಕಪ್ಪೆ ಹಿಡಿಯುವ ಬೆಕ್ಕಿಗೆ ಬಣ್ಣದ ಕೊರಳಪಟ್ಟಿ ಕಟ್ಟಿ ಫಲ ಕಾಣಲಿಲ್ಲವೆಂದು ಬೇಸರಿಸುವುದರಲ್ಲಿ ಅರ್ಥವಿಲ್ಲ.

ಎರಡನೆಯ ಹೆಜ್ಜೆ: ಹೊತ್ತನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ

ಬೆಕ್ಕು ಮುಂಜಾವು ಮತ್ತು ಮುಸ್ಸಂಜೆಗಳಲ್ಲಿ ಅತ್ಯಂತ ಚುರುಕಾಗಿರುವ ಪ್ರಾಣಿ. ಹಕ್ಕಿಗಳು ನೆಲಕ್ಕಿಳಿದು ಮೇಯುವುದೂ ಬಹುಮಟ್ಟಿಗೆ ಅದೇ ಹೊತ್ತಿನಲ್ಲಿ. ಸೂರ್ಯೋದಯಕ್ಕೆ ಒಂದು ಗಂಟೆ ಮೊದಲಿನಿಂದ ಎರಡು ಗಂಟೆ ಕಳೆಯುವವರೆಗೆ, ಹಾಗೆಯೇ ಸಂಜೆ ಹಕ್ಕಿಗಳು ಗೂಡು ಸೇರುವ ಹೊತ್ತಿನಲ್ಲಿ ಬೆಕ್ಕು ಒಳಗೇ ಇರುವಂತೆ ನೋಡಿಕೊಂಡರೆ ಹಕ್ಕಿಗಳಿಗೆ ಗಣನೀಯ ರಕ್ಷಣೆ ದೊರೆಯುತ್ತದೆ. ಇಡೀ ರಾತ್ರಿ ಒಳಗಿಟ್ಟರೆ ಇಲಿ, ಕಪ್ಪೆಗಳಂತಹ ನಿಶಾಚರಿ ಜೀವಿಗಳೂ ಉಳಿಯುತ್ತವೆ. ಬೆಕ್ಕು ವಾಹನಕ್ಕೆ ಸಿಗುವುದು, ಇತರ ಬೆಕ್ಕುಗಳೊಡನೆ ಕಚ್ಚಾಡಿ ಬಾವು ಮಾಡಿಕೊಳ್ಳುವುದು ಸಹ ಕಡಿಮೆಯಾಗುತ್ತದೆ.

ಇದನ್ನು ರೂಢಿಗೆ ತರುವ ಸುಲಭ ದಾರಿ ಊಟದ ವೇಳೆಯನ್ನು ಬಳಸಿಕೊಳ್ಳುವುದು. ದಿನದ ಮುಖ್ಯ ಊಟವನ್ನು ಸಂಜೆ ಕತ್ತಲಾಗುವ ಮೊದಲು, ಪ್ರತಿದಿನ ಒಂದೇ ಹೊತ್ತಿಗೆ, ಒಂದೇ ಬಗೆಯ ಸದ್ದು ಮಾಡಿ ಕರೆದು ಹಾಕಿ; ಅದು ತಿನ್ನುತ್ತಿರುವಾಗ ಬಾಗಿಲು ಮುಚ್ಚಿ. ಕೂಡಿಹಾಕುವುದಕ್ಕಾಗಿ ಮಾತ್ರ ಕರೆಯುವ ಅಭ್ಯಾಸ ಬೇಡ, ಏಕೆಂದರೆ ಬೆಕ್ಕು ಮೂರನೆಯ ದಿನಕ್ಕೇ ಅದನ್ನು ಅರಿತು ಕರೆ ಕೇಳಿದೊಡನೆ ಬೇಲಿ ದಾಟುತ್ತದೆ.

ಹಕ್ಕಿಗಳು ಮರಿ ಮಾಡುವ ತಿಂಗಳುಗಳಲ್ಲಿ ಈ ನಿರ್ಬಂಧವನ್ನು ಹಗಲಿಗೂ ವಿಸ್ತರಿಸಬೇಕಾಗುತ್ತದೆ. ಬಹಳಷ್ಟು ಜಾತಿಯ ಮರಿಗಳು ಸರಿಯಾಗಿ ಹಾರಲು ಬರುವ ಮೊದಲೇ ಗೂಡು ಬಿಟ್ಟು ಕೆಲವು ದಿನ ನೆಲದ ಮೇಲೂ ತಗ್ಗು ಗಿಡಗಳಲ್ಲೂ ಕುಪ್ಪಳಿಸುತ್ತಿರುತ್ತವೆ. ತಾಯಿ-ತಂದೆ ಅಲ್ಲಿಗೇ ಬಂದು ಗುಟುಕು ಕೊಡುತ್ತವೆ. ಆ ಕೆಲವು ದಿನಗಳಲ್ಲಿ ಅನುಭವವಿಲ್ಲದ ಬೆಕ್ಕಿಗೂ ಅವು ಸುಲಭದ ತುತ್ತು. ಜರ್ಮನಿಯ ವಾಲ್‌ಡಾರ್ಫ್ ಪಟ್ಟಣದ ಒಂದು ಭಾಗದಲ್ಲಿ, ನೆಲದ ಮೇಲೆ ಗೂಡು ಕಟ್ಟುವ ಜುಟ್ಟಿನ ನೆಲಗುಬ್ಬಿಗಳನ್ನು ಉಳಿಸುವುದಕ್ಕಾಗಿ, 2022ರಲ್ಲಿ ಆಗಸ್ಟ್ ಕೊನೆಯವರೆಗೆ ಬೆಕ್ಕುಗಳನ್ನು ಹೊರಗೆ ಬಿಡದಂತೆ ಆಡಳಿತವೇ ಆದೇಶ ಹೊರಡಿಸಿತ್ತು. ನಿಮಗೆ ಆದೇಶದ ಅಗತ್ಯವಿಲ್ಲ. ಅಂಗಳದಲ್ಲಿ ಹಕ್ಕಿಗಳು ಎಡೆಬಿಡದೆ ಕಿರುಚುತ್ತ ಬೆಕ್ಕಿನ ತಲೆಯ ಮೇಲೆ ಎರಗುವಂತೆ ಹಾರುತ್ತಿದ್ದರೆ ಮರಿಗಳು ನೆಲದಲ್ಲಿವೆ ಎಂದು ತಿಳಿದು ಎರಡು ವಾರ ಬಾಗಿಲು ಹಾಕಿಕೊಂಡರಾಯಿತು.

ಮೂರನೆಯ ಹೆಜ್ಜೆ: ಪೂರ್ತಿ ಒಳಗೇ ಇಡುವುದಾದರೆ

ಬೇಟೆಯನ್ನು ಸಂಪೂರ್ಣವಾಗಿ ನಿಲ್ಲಿಸುವ ಕ್ರಮ ಇದೊಂದೇ. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1ರಂದು ಅಥವಾ ಅದರ ನಂತರ ಹುಟ್ಟಿದ ಬೆಕ್ಕುಗಳನ್ನು ಒಡೆಯರು ತಮ್ಮ ಆವರಣದೊಳಗೇ ಇಡಬೇಕೆಂಬ ನಿಯಮ ಬಂದಿದೆ. ಈಗಾಗಲೇ ಸುತ್ತಾಡಿ ರೂಢಿಯಾದ ಬೆಕ್ಕುಗಳಿಗೆ ಅಲ್ಲಿ ವಿನಾಯಿತಿ ಇರುವುದು ಗಮನಾರ್ಹ. ಮರಿಯಿಂದಲೇ ಒಳಗೆ ಬೆಳೆದ ಬೆಕ್ಕು ಹೊರಗನ್ನು ಅಷ್ಟಾಗಿ ಬಯಸುವುದಿಲ್ಲ. ಐದಾರು ವರ್ಷ ಅಲೆದಾಡಿದ ಬೆಕ್ಕನ್ನು ಒಮ್ಮೆಲೇ ಕೂಡಿಹಾಕಿದರೆ ಅದು ಬಾಗಿಲು ಪರಚುತ್ತದೆ, ರಾತ್ರಿಯಿಡೀ ಕೂಗುತ್ತದೆ, ಕಂಡಕಂಡಲ್ಲಿ ಉಚ್ಚೆ ಹೊಯ್ಯುತ್ತದೆ. ಅಂಥ ಬೆಕ್ಕಿಗೆ ಹೊರಗಿರುವ ಅವಧಿಯನ್ನು ಹಲವು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಕಡಿತಗೊಳಿಸುತ್ತ, ಕಡಿತಗೊಳಿಸಿದಷ್ಟು ಹೊತ್ತಿಗೆ ಒಳಗೆ ಏನಾದರೂ ಕೆಲಸ ಒದಗಿಸುತ್ತ ಹೋಗಬೇಕು.

ಒಳಗೆ ಬೇಕಾದದ್ದು ವಿಸ್ತಾರಕ್ಕಿಂತ ಹೆಚ್ಚಾಗಿ ಎತ್ತರ. ಬೆಕ್ಕಿಗೆ ಮೇಲಿನಿಂದ ಕೆಳಗೆ ನೋಡುವುದರಲ್ಲಿ ಭದ್ರತೆಯಿದೆ. ಗೋಡೆಗೆ ಮೆಟ್ಟಿಲಿನಂತೆ ಹೊಡೆದ ಎರಡು ಮೂರು ಹಲಗೆಗಳು, ಕಪಾಟಿನ ನೆತ್ತಿಯ ಮೇಲೊಂದು ಹಾಸು, ಹೊರಗೆ ಕಾಣುವ ಕಿಟಕಿಯ ಬಳಿ ಕೂರುವ ಜಾಗ ಇವಿಷ್ಟರಿಂದ ಸಣ್ಣ ಮನೆಯೂ ಅದಕ್ಕೆ ದೊಡ್ಡದಾಗುತ್ತದೆ. ಉಗುರು ಮಸೆಯಲು ಹುರಿ ಸುತ್ತಿದ ಗಟ್ಟಿಯಾದ ಕಂಬ ಬೇಕು, ಅದು ಬೆಕ್ಕು ಮೈಚಾಚಿ ನಿಂತರೂ ಅಲುಗದಂತಿರಬೇಕು. ಮಲಮೂತ್ರಕ್ಕೆಂದು ಇಡುವ ಲಿಟರ್ ಟ್ರೇಗಳ ಸಂಖ್ಯೆ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ, ಊಟದ ಜಾಗದಿಂದ ಅವು ದೂರವಿರಲಿ. ಮೇಲಿನ ಅಂತಸ್ತುಗಳ ಕಿಟಕಿ ಮತ್ತು ಮೊಗಸಾಲೆಗಳಿಗೆ ಬಲವಾದ ಜಾಲರಿ ಹಾಕದೆ ಬೆಕ್ಕನ್ನು ಒಳಗಿಟ್ಟೆವೆಂದು ಹೇಳುವಂತಿಲ್ಲ. ಕಿಟಕಿಯಾಚೆಯ ಹಕ್ಕಿಯನ್ನು ನೋಡಿ ಹಾರಿದ ಬೆಕ್ಕು ಬೀಳುವುದು ಅಪರೂಪವಲ್ಲ. ಮನೆಯೊಳಗಿನ ಗಿಡಗಳನ್ನೂ ಒಮ್ಮೆ ಪರಿಶೀಲಿಸಿ. ಲಿಲ್ಲಿ ಹೂವಿನ ಗಿಡದ ಎಲೆ, ಹೂವು, ಪರಾಗ, ಕೊನೆಗೆ ಹೂದಾನಿಯ ನೀರು ಕೂಡ ಬೆಕ್ಕಿನ ಮೂತ್ರಪಿಂಡಗಳಿಗೆ ಮಾರಕ. ಬೆಕ್ಕಿರುವ ಮನೆಯಲ್ಲಿ ಅದಕ್ಕೆ ಜಾಗವಿಲ್ಲ.

ಒಳಗೂ ಹೊರಗೂ ನಡುವಿನ ಒಂದು ಏರ್ಪಾಡು ಜಾಲರಿಯ ಆವರಣ. ಕಿಟಕಿ ಅಥವಾ ಹಿತ್ತಲ ಬಾಗಿಲಿಗೆ ಹೊಂದಿಕೊಂಡಂತೆ, ಮೇಲೂ ಸುತ್ತಲೂ ಸಣ್ಣ ಕಣ್ಣಿನ ಜಾಲರಿ ಹೊಡೆದು, ಒಳಗೆ ನೆರಳು ಮತ್ತು ನೀರಿನ ವ್ಯವಸ್ಥೆ ಮಾಡಿದರೆ ಬೆಕ್ಕು ಗಾಳಿ-ಬಿಸಿಲು ಸವಿಯುತ್ತದೆ, ಹಕ್ಕಿಗಳು ಅದನ್ನು ದೂರದಿಂದ ಬೈದುಕೊಂಡು ಹೋಗುತ್ತವೆ. ಎದೆಪಟ್ಟಿ ಕಟ್ಟಿ ಹಗ್ಗ ಹಿಡಿದು ತಿರುಗಾಡಿಸುವುದನ್ನೂ ಕೆಲವು ಬೆಕ್ಕುಗಳು ಒಪ್ಪಿಕೊಳ್ಳುತ್ತವೆ. ಬಹಳಷ್ಟು ಒಪ್ಪುವುದಿಲ್ಲ.

ಬಾಗಿಲ ಬಳಿಯ ಕೂಗಾಟದ ವಿಷಯದಲ್ಲಿ ಒಂದು ಎಚ್ಚರಿಕೆ. ಒಂಬತ್ತು ದಿನ ಗಟ್ಟಿಯಾಗಿದ್ದು ಹತ್ತನೆಯ ದಿನ ನಿದ್ದೆಗೆಟ್ಟು ಬಾಗಿಲು ತೆರೆದರೆ, ಹತ್ತು ದಿನ ಕೂಗಿದರೆ ಬಾಗಿಲು ತೆರೆಯುತ್ತದೆ ಎಂದು ನೀವೇ ಕಲಿಸಿದಂತಾಗುತ್ತದೆ. ಗಟ್ಟಿಯಾಗಿ ಇರಲಾರೆವು ಅನ್ನಿಸಿದವರು ಈ ಹೆಜ್ಜೆಯನ್ನು ಬಿಟ್ಟು, ಹೊತ್ತಿನ ನಿರ್ಬಂಧವನ್ನಷ್ಟೇ ಪಾಲಿಸುವುದು ಲೇಸು.

ನಾಲ್ಕನೆಯ ಹೆಜ್ಜೆ: ತಟ್ಟೆಯಲ್ಲಿ ಮಾಂಸ ಹೆಚ್ಚಲಿ

ಊಟ ಹಾಕಿದರೆ ಬೇಟೆ ನಿಲ್ಲುವುದಿಲ್ಲ ಎಂದು ಆರಂಭದಲ್ಲಿ ಹೇಳಿ ಈಗ ಊಟದ ಮಾತೆತ್ತುವುದು ವಿರೋಧವೆನಿಸಬಹುದು. ಇಲ್ಲಿ ಪ್ರಶ್ನೆ ಊಟದ ಪ್ರಮಾಣದ್ದಲ್ಲ, ಗುಣದ್ದು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು 219 ಮನೆಗಳ 355 ಬೆಕ್ಕುಗಳನ್ನು ಹನ್ನೆರಡು ವಾರ ಗಮನಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಂಸದ ಅಂಶ ಹೆಚ್ಚಿರುವ, ಧಾನ್ಯವಿಲ್ಲದ ಆಹಾರಕ್ಕೆ ಬದಲಾಯಿಸಿದ ಮನೆಗಳಲ್ಲಿ ಬೆಕ್ಕುಗಳು ತರುವ ಬೇಟೆ 36 ಶೇಕಡಾ ಇಳಿದಿತ್ತು. ಬೆಕ್ಕು ಪೂರ್ಣ ಮಾಂಸಾಹಾರಿ. ಟಾರಿನ್‌ನಂತಹ ಪೋಷಕಾಂಶಗಳನ್ನು ಅದು ಮಾಂಸದಿಂದಲೇ ಪಡೆಯಬೇಕು. ಸಸ್ಯಮೂಲದ ಪ್ರೋಟೀನೇ ಹೆಚ್ಚಿರುವ ಆಹಾರದಲ್ಲಿ ಹೊಟ್ಟೆ ತುಂಬಿದರೂ ಏನೋ ಸೂಕ್ಷ್ಮ ಕೊರತೆ ಉಳಿದು, ಅದು ಬೆಕ್ಕನ್ನು ಬೇಟೆಗೆ ದೂಡುತ್ತಿರಬಹುದು ಎಂಬುದು ಸಂಶೋಧಕರ ಊಹೆ.

ಕೊಳ್ಳುವಾಗ ಪೊಟ್ಟಣದ ಮುಂಬದಿಯ ಚಿತ್ರವನ್ನು ನೋಡದೆ ಹಿಂಬದಿಯ ಪಟ್ಟಿಯನ್ನು ಓದಿ. ಮೊದಲ ಹೆಸರುಗಳು ಮಾಂಸ ಅಥವಾ ಮೀನಿನದ್ದಾಗಿರಬೇಕು. ಹೊಸ ಆಹಾರವನ್ನು ಹಳೆಯದರೊಡನೆ ಬೆರೆಸುತ್ತ ಒಂದು ವಾರದಿಂದ ಹತ್ತು ದಿನಗಳಲ್ಲಿ ಪೂರ್ತಿ ಬದಲಾಯಿಸಿ. ಹಸಿವಾದರೆ ತಾನೇ ತಿನ್ನುತ್ತದೆ ಎಂದು ಹಟಕ್ಕೆ ಬೀಳುವುದು ಅಪಾಯ: ಬೆಕ್ಕು, ಅದರಲ್ಲೂ ದಪ್ಪಗಿರುವ ಬೆಕ್ಕು, ಎರಡು ಮೂರು ದಿನ ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತಾಗಬಹುದು. ಮೂತ್ರಪಿಂಡದ ತೊಂದರೆಯಿರುವ ಬೆಕ್ಕಿನ ಆಹಾರವನ್ನು ಪಶುವೈದ್ಯರನ್ನು ಕೇಳದೆ ಬದಲಾಯಿಸಬಾರದು.

ಅದೇ ಅಧ್ಯಯನದಲ್ಲಿ ಒಂದು ಅನಿರೀಕ್ಷಿತ ಸಂಗತಿಯೂ ಇತ್ತು. ಬೆಕ್ಕು ಕೈಯಾಡಿಸಿ ಕಾಳು ಉದುರಿಸಿಕೊಳ್ಳಬೇಕಾದ ಒಗಟಿನ ಡಬ್ಬಿಗಳನ್ನು ಕೊಟ್ಟ ಮನೆಗಳಲ್ಲಿ ಬೇಟೆ 33 ಶೇಕಡಾ ಹೆಚ್ಚಿತ್ತು. ಡಬ್ಬಿಯನ್ನು ಬಿಡಿಸಲಾರದೆ ಬೆಕ್ಕುಗಳು ಹಸಿದವೋ, ಹತಾಶೆಗೊಂಡವೋ, ಒಟ್ಟಿನಲ್ಲಿ ಹೊರಗೆ ಹೋಗುವ ಬೆಕ್ಕಿಗೆ ಊಟವನ್ನು ಒಗಟಾಗಿಸದಿರುವುದೇ ಜಾಣತನ. ಪೂರ್ತಿ ಒಳಗಿರುವ ಬೆಕ್ಕಿಗೆ ಅದು ಒಳ್ಳೆಯ ಕಾಲಕ್ಷೇಪ.

ಐದನೆಯ ಹೆಜ್ಜೆ: ದಿನಕ್ಕೆ ಹತ್ತು ನಿಮಿಷ ಆಟ

ಎಕ್ಸೆಟರಿನ ಅಧ್ಯಯನದಲ್ಲಿ ದಿನಕ್ಕೆ ಐದರಿಂದ ಹತ್ತು ನಿಮಿಷ ಬೆಕ್ಕಿನೊಡನೆ ಆಡಿದ ಮನೆಗಳಲ್ಲಿ ಬೇಟೆ 25 ಶೇಕಡಾ ಕಡಿಮೆಯಾಗಿತ್ತು. ಖರ್ಚೇ ಇಲ್ಲದ ಈ ಉಪಾಯವನ್ನು ಹೆಚ್ಚಿನವರು ತಪ್ಪಾಗಿ ಮಾಡುತ್ತಾರೆ. ಗರಿ ಕಟ್ಟಿದ ಕೋಲನ್ನು ಬೆಕ್ಕಿನ ಮುಖದ ಮುಂದೆ ಬೀಸುವುದು ಆಟವಲ್ಲ, ಏಕೆಂದರೆ ಯಾವ ಇಲಿಯೂ ಬೆಕ್ಕಿನ ಮೂಗಿನತ್ತ ಓಡಿ ಬರುವುದಿಲ್ಲ. ಗರಿ ಬೆಕ್ಕಿನಿಂದ ದೂರ ಸರಿಯಬೇಕು, ಕುರ್ಚಿಯ ಮರೆಗೆ ಸೇರಬೇಕು, ಅಲ್ಲಿ ಸ್ವಲ್ಪ ಹೊತ್ತು ನಿಶ್ಚಲವಾಗಿದ್ದು ತುದಿ ಮಾತ್ರ ಮಿಸುಕಬೇಕು. ಬೆಕ್ಕು ಮೈ ತಗ್ಗಿಸಿ ಹಿಂಗಾಲು ಕುಲುಕಿಸುತ್ತ ಕಾಯುವ ಹೊತ್ತೂ ಬೇಟೆಯ ಭಾಗವೇ ಆದ್ದರಿಂದ ಅವಸರಿಸಬೇಡಿ. ಮೂರು ನಾಲ್ಕು ಬಾರಿಗೊಮ್ಮೆ ಹಿಡಿಯಲು ಬಿಡಿ, ಹಿಡಿದದ್ದನ್ನು ಒದೆದು ಕಚ್ಚಲು ಬಿಡಿ, ಆಟ ಮುಗಿದೊಡನೆ ಊಟ ಕೊಡಿ. ಹೊಂಚು, ನೆಗೆತ, ಹಿಡಿತ, ಊಟ ಎಂಬ ಸಹಜ ಕ್ರಮ ಆಗ ಪೂರ್ತಿಯಾಗುತ್ತದೆ. ಲೇಸರ್ ಬೆಳಕಿನ ಚುಕ್ಕೆ ಎಂದಿಗೂ ಕೈಗೆ ಸಿಗದಿರುವುದರಿಂದ ಅದನ್ನು ಬಳಸುವವರು ಕೊನೆಯಲ್ಲಿ ಚುಕ್ಕೆಯನ್ನು ಒಂದು ಗೊಂಬೆಯ ಮೇಲೆ ತಂದು ನಿಲ್ಲಿಸಬೇಕು. ದಾರ, ರಬ್ಬರುಗಳನ್ನು ಆಟವಾದ ಮೇಲೆ ಎತ್ತಿಡಿ, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ.

ಆಟಕ್ಕೆ ಅತ್ಯುತ್ತಮ ಹೊತ್ತು ಬೆಕ್ಕು ಸಾಮಾನ್ಯವಾಗಿ ಹೊರಗೆ ಹೊರಡುವ ಸಮಯಕ್ಕಿಂತ ಸ್ವಲ್ಪ ಮುಂಚೆ.

ಆರನೆಯ ಹೆಜ್ಜೆ: ಕೊರಳಿಗೆ ಏನು ಕಟ್ಟಬೇಕು

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಚಿಂತಿಸಿದ ಗಾದೆಯನ್ನು ಕೇಳದವರಿಲ್ಲ. ಕಟ್ಟಿದ್ದರೂ ಇಲಿಗಳಿಗೆ ಎಷ್ಟು ಲಾಭವಾಗುತ್ತಿತ್ತು ಎಂಬುದು ಇನ್ನೂ ವಿವಾದದ ವಿಷಯ. ಬ್ರಿಟನ್ನಿನ ಹಿಂದಿನ ಪರೀಕ್ಷೆಗಳಲ್ಲಿ ಗಂಟೆಯಿಂದ ಬೇಟೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿದದ್ದುಂಟು; ಎಕ್ಸೆಟರಿನ ಅಧ್ಯಯನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಬೆಕ್ಕು ಬೇಟೆಯಲ್ಲಿ ಬಹುಕಾಲ ಅಲುಗಾಡದೆ ಕುಳಿತಿರುತ್ತದೆ, ಗಂಟೆ ಸದ್ದು ಮಾಡುವುದು ಕೊನೆಯ ನೆಗೆತದಲ್ಲಿ. ಗೂಡಿನಲ್ಲಿರುವ ಮರಿಗೆ ಗಂಟೆ ಕೇಳಿದರೂ ಹಾರಿಹೋಗುವ ಶಕ್ತಿಯಿಲ್ಲ. ಗಂಟೆ ಕಟ್ಟಬಾರದೆಂದು ನಾನು ಹೇಳುವುದಿಲ್ಲ; ಕಟ್ಟಿ ಕರ್ತವ್ಯ ಮುಗಿಯಿತೆಂದು ಕೂರಬಾರದು.

ಇದಕ್ಕಿಂತ ಹೆಚ್ಚು ಫಲ ಕೊಡುವುದು ಕೊರಳಪಟ್ಟಿಯ ಮೇಲೆ ತೊಡಿಸುವ ಢಾಳಾದ ಬಣ್ಣದ ಬಟ್ಟೆಯ ಬಳೆ. ಹಕ್ಕಿಗಳ ಬಣ್ಣದ ದೃಷ್ಟಿ ಬಹಳ ತೀಕ್ಷ್ಣ. ಹುಲ್ಲಿನ ನಡುವೆ ಕೆಂಪು-ಹಳದಿಯ ಒಂದು ಬಳೆ ಚಲಿಸುವುದು ಅವುಗಳ ಕಣ್ಣಿಗೆ ಬೇಗ ಬೀಳುತ್ತದೆ. ಇಂಥ ಪಟ್ಟಿ ತೊಡಿಸಿದಾಗ ಮನೆಗೆ ಬರುವ ಹಕ್ಕಿಗಳ ಸಂಖ್ಯೆ 42 ಶೇಕಡಾ ಇಳಿದಿತ್ತು, ಇಲಿಗಳ ಸಂಖ್ಯೆ ಇಳಿಯಲಿಲ್ಲ.

ಯಾವ ಪಟ್ಟಿಯೇ ಆಗಲಿ, ಎಲ್ಲಾದರೂ ಸಿಕ್ಕಿಕೊಂಡು ಜಗ್ಗಿದಾಗ ತಾನಾಗಿಯೇ ಬಿಚ್ಚಿಕೊಳ್ಳುವ ಕೊಂಡಿಯದ್ದಾಗಿರಬೇಕು. ಇಲ್ಲವಾದರೆ ಕೊಂಬೆಗೆ ಸಿಕ್ಕಿ ನೇಣಾಗಬಹುದು, ಸಡಿಲವಿದ್ದರೆ ಮುಂಗಾಲು ಅದರೊಳಗೆ ತೂರಿ ಕಂಕುಳು ಸೀಳಬಹುದು. ಪಟ್ಟಿ ಮತ್ತು ಕೊರಳಿನ ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಬಿಡಿ. ಬೆಳೆಯುವ ಮರಿಯಾದರೆ ವಾರಕ್ಕೊಮ್ಮೆ ನೋಡುತ್ತಿರಿ.

ಏಳನೆಯ ಹೆಜ್ಜೆ: ಅಂಗಳವನ್ನು ಬೆಕ್ಕಿನ ಕಣ್ಣಿನಿಂದ ನೋಡಿ

ಹಕ್ಕಿಗಳಿಗೆ ಕಾಳು, ನೀರು ಇಡುವವರೇ ಬೆಕ್ಕನ್ನೂ ಸಾಕಿದ್ದರೆ, ತಿಳಿಯದೆಯೇ ಬಲಿಪೀಠ ಕಟ್ಟಿದಂತಾಗುವ ಸಾಧ್ಯತೆಯಿದೆ. ನೆಲದ ಮೇಲೆ ಕಾಳು ಚೆಲ್ಲುವುದನ್ನು ನಿಲ್ಲಿಸಿ. ಕಾಳಿನ ತಟ್ಟೆ ಮತ್ತು ನೀರಿನ ಬೋಗುಣಿಯನ್ನು ನುಣುಪಾದ ಲೋಹದ ಕಂಬದ ಮೇಲೆ, ಬೆಕ್ಕು ಅಡಗಬಹುದಾದ ಪೊದೆ, ಕುಂಡ, ಕಟ್ಟೆಗಳಿಂದ ಕನಿಷ್ಠ ಎರಡು ಮೀಟರ್ ದೂರದಲ್ಲಿಡಿ. ತೀರ ಬಯಲಿನಲ್ಲಿಟ್ಟರೆ ಗಿಡುಗಕ್ಕೆ ಅನುಕೂಲವಾಗುತ್ತದೆ ಎಂಬುದೂ ಗಮನದಲ್ಲಿರಲಿ. ನೆಲದ ಮಟ್ಟಕ್ಕೆ ಬಾಗಿ ಕುಳಿತು ಒಮ್ಮೆ ಸುತ್ತ ನೋಡಿದರೆ ಬೆಕ್ಕು ಎಲ್ಲಿ ಹೊಂಚು ಹಾಕುತ್ತದೆ ಎಂಬುದು ನಿಂತು ನೋಡಿದಾಗ ಕಾಣುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಗೂಡಿರುವ ಮರದ ಬೊಡ್ಡೆಗೆ ಆಳೆತ್ತರದಲ್ಲಿ ಅಗಲವಾದ ತಗಡಿನ ಪಟ್ಟಿ ಸುತ್ತಿದರೆ ಉಗುರು ಹಿಡಿಯದೆ ಬೆಕ್ಕು ಜಾರುತ್ತದೆ. ಪಕ್ಕದ ಗೋಡೆಯಿಂದ ಕೊಂಬೆಗೆ ನೆಗೆಯುವ ದಾರಿ ಇದ್ದರೆ ಆ ತಗಡು ವ್ಯರ್ಥ. ಓತಿ, ಹಾವುರಾಣಿಗಳಿಗಾಗಿ ಅಂಗಳದ ಮೂಲೆಯಲ್ಲಿ ಕಲ್ಲುಗಳನ್ನು ಕಿರಿದಾದ ಸಂದುಗಳಿರುವಂತೆ ಪೇರಿಸಿಡಿ. ಬೆಕ್ಕಿನ ಕೈ ಹೋಗದ ಸಂದು ಅವಕ್ಕೆ ಕೋಟೆ.

ಸಂತಾನ ನಿಯಂತ್ರಣ

ಬೆಕ್ಕಿನ ಗರ್ಭಾವಧಿ ಒಂಬತ್ತು ವಾರಗಳಷ್ಟು ಮಾತ್ರ, ಹೆಣ್ಣುಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಲ್ಲದು. ನೋಡಿಕೊಳ್ಳುವವರಿಲ್ಲದ ಒಂದೊಂದು ಮರಿಯೂ ದಿನವಿಡೀ ಬೇಟೆಯಿಂದಲೇ ಬದುಕಬೇಕಾದ ಬೀದಿಬೆಕ್ಕಾಗುತ್ತದೆ. ಹಿಂದೆ ಹೇಳಿದ ಕೋಟಿಗಳ ಲೆಕ್ಕದಲ್ಲಿ ದೊಡ್ಡ ಪಾಲು ಅವುಗಳದ್ದೇ ಎಂಬುದನ್ನು ನೆನೆಯಬೇಕು. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ ಹಾರಲಾರದ ಪುಟ್ಟ ಹಕ್ಕಿಯೊಂದು 1894ರಲ್ಲಿ ವಿಜ್ಞಾನಿಗಳ ಗಮನಕ್ಕೆ ಬಂತು, ಬಂದಷ್ಟೇ ಬೇಗ ಅಳಿದುಹೋಯಿತು. ದೀಪಸ್ತಂಭದ ಕಾವಲುಗಾರನ ಒಂದೇ ಬೆಕ್ಕು ಅಷ್ಟನ್ನೂ ತಿಂದಿತೆಂಬ ಕತೆ ಪ್ರಸಿದ್ಧವಾಗಿದೆ. ನಡೆದದ್ದು ಬಹುಶಃ ಅಷ್ಟು ನಾಟಕೀಯವಲ್ಲ, ದ್ವೀಪಕ್ಕೆ ಬಂದ ಬೆಕ್ಕುಗಳು ಮರಿಹಾಕಿ ಕಾಡುಬಿದ್ದಿದ್ದವು. ಐದು ತಿಂಗಳು ತುಂಬುವ ಮೊದಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಇದರಿಂದ ಬೇಟೆಯ ಗುಣ ಹೋಗುವುದಿಲ್ಲ, ಬೇಟೆಗಾರರ ಸಂಖ್ಯೆ ಹೆಚ್ಚುವುದಿಲ್ಲ.

ಇಲಿ ಹಿಡಿಯಲೆಂದೇ ಸಾಕಿದ್ದೇವೆ ಎನ್ನುವವರಿಗೆ

ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ತ್ಯಾಜ್ಯ ಮರುಬಳಕೆ ಘಟಕದಲ್ಲಿ ಹೆಗ್ಗಣಗಳು ಮತ್ತು ಬೀದಿಬೆಕ್ಕುಗಳನ್ನು ಕ್ಯಾಮೆರಾದಲ್ಲಿ 79 ದಿನ ಗಮನಿಸಿದ ಸಂಶೋಧಕರಿಗೆ, 2018ರಲ್ಲಿ ಪ್ರಕಟವಾದ ವರದಿಯಂತೆ, ಬೆಕ್ಕುಗಳು ಹೆಗ್ಗಣವನ್ನು ಕೊಂದದ್ದು ಎರಡು ಬಾರಿ ಮಾತ್ರ ಕಾಣಿಸಿತು. ಬೆಳೆದ ಹೆಗ್ಗಣ ತಿರುಗಿ ಕಚ್ಚುತ್ತದೆ. ಬೆಕ್ಕು ಅದಕ್ಕಿಂತ ಸುಲಭದ ಚಿಟ್ಟಿಲಿ, ಹಕ್ಕಿ, ಓತಿಗಳನ್ನು ಆರಿಸಿಕೊಳ್ಳುತ್ತದೆ. ಬೆಕ್ಕಿದ್ದಾಗ ಹೆಗ್ಗಣಗಳು ಮರೆಯಾಗಿ ಓಡಾಡುತ್ತವೆ, ಕಡಿಮೆಯಾದಂತೆ ನಮಗೆ ಕಾಣುತ್ತದೆ. ಬಿಲ ಮುಚ್ಚುವುದು, ಆಹಾರಪದಾರ್ಥಗಳನ್ನು ಲೋಹದ ಡಬ್ಬಿಗಳಲ್ಲಿಡುವುದು, ಕಸ ಬಿಚ್ಚಿಡದಿರುವುದು ಇದಕ್ಕಿಂತ ಖಚಿತವಾದ ಮಾರ್ಗ. ವಿಷ ಮಾತ್ರ ಬೇಡ. ವಿಷ ತಿಂದು ತೂರಾಡುವ ಇಲಿಯನ್ನು ಮೊದಲು ಹಿಡಿಯುವುದು ನಿಮ್ಮ ಬೆಕ್ಕೇ.

ಬೆಕ್ಕು ಜೀವಂತ ಹಕ್ಕಿಯನ್ನು ಹಿಡಿದು ತಂದರೆ

ಬಾಯಿಂದ ಕಿತ್ತುಕೊಳ್ಳಲು ಹೋಗಬೇಡಿ, ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ಬಾಗಿಲು ಮುಚ್ಚಿ, ಬೆಕ್ಕಿಗೆ ಇಷ್ಟವಾದ ತಿಂಡಿಯ ಡಬ್ಬಿಯನ್ನು ಅಲುಗಿಸಿ. ಅದು ಬಾಯಿ ಬಿಟ್ಟೊಡನೆ ಅದನ್ನು ಬೇರೆ ಕೋಣೆಗೆ ಸೇರಿಸಿ. ಹಕ್ಕಿಯ ಮೇಲೆ ತೆಳುವಾದ ಬಟ್ಟೆ ಹಾಕಿ ಮೃದುವಾಗಿ ಎತ್ತಿ, ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕತ್ತಲೆಯ, ಬೆಚ್ಚಗಿನ, ಸದ್ದಿಲ್ಲದ ಜಾಗದಲ್ಲಿರಿಸಿ. ಬಾಯಿಗೆ ನೀರು ಹಿಂಡುವುದು, ಊಟ ತುರುಕುವುದು ಬೇಡ, ಅದು ಶ್ವಾಸನಾಳಕ್ಕೆ ಇಳಿದು ಹಕ್ಕಿ ಸಾಯಬಹುದು.

ಗಾಯ ಕಾಣುತ್ತಿಲ್ಲವೆಂದು ಹಾರಿಬಿಡುವುದು ಸದುದ್ದೇಶದಿಂದ ಮಾಡುವ ದೊಡ್ಡ ತಪ್ಪು. ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಸಣ್ಣದಾಗಿ, ಆಳವಾಗಿ ಇಳಿಯುತ್ತದೆ. ಗರಿಯ ಕೆಳಗೆ ಆ ತೂತು ಕಾಣುವುದೇ ಇಲ್ಲ. ಅದರ ಬಾಯಲ್ಲಿರುವ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಹಕ್ಕಿ ಒಂದೆರಡು ದಿನಗಳಲ್ಲಿ ಸಾಯುತ್ತದೆ. ಬೆಕ್ಕಿನ ಬಾಯಿಂದ ಬಿಡಿಸಿದ ಪ್ರತಿ ಹಕ್ಕಿಗೂ ಆದಷ್ಟು ಬೇಗ ಪಶುವೈದ್ಯರಿಂದ ಅಥವಾ ವನ್ಯಜೀವಿ ರಕ್ಷಣಾ ಕೇಂದ್ರದಿಂದ ಆ್ಯಂಟಿಬಯೋಟಿಕ್ ಸಿಗಬೇಕು.

ಬೆಕ್ಕು ಮುಟ್ಟಿರದ, ನೆಲದಲ್ಲಿ ಕುಪ್ಪಳಿಸುತ್ತಿರುವ ಗರಿ ಬಂದ ಮರಿ ಕಂಡರೆ ಮಾತ್ರ ಅದನ್ನು ಹತ್ತಿರದ ಕೊಂಬೆಗೆ ಏರಿಸಿ, ಬೆಕ್ಕನ್ನು ಒಳಗೆ ಹಾಕಿ, ನೀವೂ ದೂರ ಸರಿಯಿರಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ಬರಿಯ ನಂಬಿಕೆ. ಬೆಕ್ಕು ತಂದದ್ದು ಬಾವಲಿಯಾದರೆ ಬರಿಗೈಯಲ್ಲಿ ಮುಟ್ಟಲೇಬೇಡಿ. ಅದು ನಿಮ್ಮನ್ನು ಕಚ್ಚಿದ್ದರೆ ಅಥವಾ ಪರಚಿದ್ದರೆ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ವೈದ್ಯರನ್ನು ಕಂಡು ರೇಬಿಸ್ ಲಸಿಕೆಯ ವಿಚಾರ ಕೇಳಿ. ಬೇಟೆಯಾಡುವ ಬೆಕ್ಕಿಗೆ ರೇಬಿಸ್ ಲಸಿಕೆ ಮತ್ತು ಜಂತುಹುಳದ ಔಷಧಿ ತಪ್ಪಿಸಬಾರದು.

ಮತ್ತೆ ಪುಸ್ತಕ ತೆರೆಯಿರಿ

ಒಮ್ಮೆಗೇ ಎಲ್ಲವನ್ನೂ ಆರಂಭಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಹೊತ್ತಿನ ನಿರ್ಬಂಧ ಮತ್ತು ಆಟವನ್ನು ಮೊದಲು ಜಾರಿಗೆ ತನ್ನಿ, ಒಂದು ತಿಂಗಳ ನಂತರ ಆಹಾರ ಬದಲಾಯಿಸಿ, ಪುಸ್ತಕದಲ್ಲಿ ಹಕ್ಕಿಗಳ ಸಂಖ್ಯೆ ಇನ್ನೂ ಇಳಿಯದಿದ್ದರೆ ಬಣ್ಣದ ಪಟ್ಟಿ ತೊಡಿಸಿ. ಪ್ರತಿ ಬದಲಾವಣೆಯ ನಂತರವೂ ಮೊದಲಿನಂತೆ ಎರಡು ವಾರ ಲೆಕ್ಕ ಬರೆದು ಹೋಲಿಸಿ. ಮರಿಗಳ ಕಾಲದ ಲೆಕ್ಕವನ್ನು ಮರಿಗಳಿಲ್ಲದ ಕಾಲದ ಲೆಕ್ಕದೊಡನೆ ಹೋಲಿಸಿದರೆ ಏನೂ ಮಾಡದೆಯೂ ಬೇಟೆ ಇಳಿದಂತೆ ತೋರುತ್ತದೆ, ಆದ್ದರಿಂದ ಹಿಂದಿನ ವರ್ಷದ ಅದೇ ತಿಂಗಳ ಪುಟ ಕೈಯಲ್ಲಿದ್ದರೆ ಒಳ್ಳೆಯದು. ಇಷ್ಟಾದ ಮೇಲೂ ವಾರಕ್ಕೆ ಎರಡು ಮೂರು ಜೀವ ಬರುತ್ತಲೇ ಇದ್ದರೆ ಆ ಬೆಕ್ಕಿಗೆ ಮೂರನೆಯ ಹೆಜ್ಜೆಯ ಜಾಲರಿಯ ಆವರಣ ಕಟ್ಟಿಸುವುದೊಂದೇ ಉಳಿದಿರುವ ದಾರಿ.